ಪಳ್ಳಂಗೂ ನಮ್ಮ ಹಳ್ಳಕ್ಕೂ ಏನು ನಂಟು?

ತೇನಿ: ಪಶ್ಚಿಮ ಘಟ್ಟದ ಮಗ್ಗುಲಲ್ಲಿರುವ ಕಂಬಂ ಕಣಿವೆಯನ್ನು ತಮಿಳರು ‘ಕಂಬಂ ಪಳ್ಳತ್ತಾಕ್ಕು’ ಎನ್ನುತ್ತಾರೆ. ಈ ಹೆಸರಿನೊಳಗೆ ಅಡಗಿರುವ ‘ಪಳ್ಳಂ’ ಬೇರೆ ಯಾವುದೂ ಅಲ್ಲ, ನಮ್ಮ ‘ಹಳ್ಳ’ವೇ.

ತೇನಿ, ದಿಂಡಿಗಲ್ ಸೀಮೆಯಲ್ಲಿ ಕನ್ನಡ ಮನೆಮಾತಿನ ಕಪ್ಪಿಲಿಯರ್ ಒಕ್ಕಲಿಗರು, ಅನುಪ್ಪರು ತಲೆತಲಾಂತರದಿಂದ ನೆಲೆಸಿದ್ದಾರೆ. ಓದು ಬರಹವೆಲ್ಲ ತಮಿಳು. ಕನ್ನಡ ಉಳಿದಿರುವುದು ಬಾಯಲ್ಲಿ. ಹೀಗಿರುವಾಗ, ಮನೆಯ ಮಾತೆಂದರೆ ಕೆಟ್ಟುಹೋದ ತಮಿಳು ಎಂದು ಮಕ್ಕಳು ತಿಳಿದರೆ ಆಶ್ಚರ್ಯವಿಲ್ಲ. ಆ ತಿಳಿವಳಿಕೆ ತಪ್ಪು ಎನ್ನಲು ‘ಹಳ್ಳ’ ಒಂದೇ ಪದ ಸಾಕು.

ಪ ಹೋಗಿ ಹ ಬಂತು

ಹಳಗನ್ನಡದಲ್ಲೂ ಈ ಪದ ‘ಪಳ್ಳ’ ಎಂದೇ ಇತ್ತು. ಸುಮಾರು 10ನೇ ಶತಮಾನದಿಂದ ಈಚೆಗೆ ಕನ್ನಡದಲ್ಲಿ ಪದದ ಮೊದಲಿನ ಪಕಾರ ಮೆಲ್ಲಮೆಲ್ಲನೆ ಹಕಾರವಾಯಿತು. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪಲ್ ಹಲ್ಲಾಯಿತು. ತಮಿಳು ಮಾತ್ರ ಪಕಾರವನ್ನು ಬಿಡಲಿಲ್ಲ. ಬರೋ ಮತ್ತು ಎಮೆನೋ 1961ರಲ್ಲಿ ಹೊರತಂದ ದ್ರಾವಿಡ ನಿಘಂಟು ಎರಡನ್ನೂ ಒಂದೇ ಬೇರಿನ ಪದಗಳೆಂದು ಜೊತೆಗಿಟ್ಟಿದೆ. ಒಂದರಿಂದ ಇನ್ನೊಂದು ಹುಟ್ಟಿದ್ದಲ್ಲ; ಇವು ಅಕ್ಕತಂಗಿಯರು.

ತಗ್ಗೂ ಹಳ್ಳ, ನೀರೂ ಹಳ್ಳ

ಮೂಲದ ಅರ್ಥ ತಗ್ಗು. ತಮಿಳಿನಲ್ಲಿ ಪಳ್ಳಂ ಎಂದರೆ ಇಂದಿಗೂ ತಗ್ಗು, ಗುಂಡಿ. ಹರಿಯುವ ಸಣ್ಣ ತೊರೆಗೆ ಅಲ್ಲಿ ‘ಓಡೈ’ ಎಂಬ ಬೇರೆ ಪದವಿದೆ. ಕನ್ನಡದಲ್ಲಿ ಹಾಗಲ್ಲ. ತಗ್ಗೂ ಹಳ್ಳ, ಅದರಲ್ಲಿ ಹರಿಯುವ ನೀರೂ ಹಳ್ಳ. ‘ಹಳ್ಳ ಬಂತು’ ಅಂದ್ರೆ ನೀರು ಬಂತು ಅಂತ. ‘ಕೆಲಸ ಹಳ್ಳ ಹಿಡೀತು’ ಅಂದ್ರೆ ಕೆಟ್ಟಿತು ಅಂತ. ಮಲಪ್ರಭೆಗೆ ಸೇರುವ ಬೆಣ್ಣೆಹಳ್ಳ ಹೆಸರಿಗೆ ಹಳ್ಳವಾದರೂ ಮಳೆಗಾಲದಲ್ಲಿ ಊರುಗಳಿಗೆ ನುಗ್ಗುವಷ್ಟು ದೊಡ್ಡದು. ಕಾಸರಗೋಡಿನ ಮುರಕಲ್ಲಿನ ಬಯಲಲ್ಲಿ ಮಳೆನೀರು ನಿಲ್ಲುವ ತಗ್ಗುಗಳಿಗೆ ‘ಪಳ್ಳ’ ಎಂಬ ಹಳೆಯ ರೂಪವೇ ನಿಂತಿದೆ.

ನೀರು ನೆಲವನ್ನು ಕೊರೆದು ಮಾಡಿದ ಕಿರಿದಾದ ಕಂದಕಕ್ಕೆ ‘ಕೊರಕಲು’ ಎನ್ನುವುದು ‘ಕೊರೆ’ಯಿಂದ. ನಮ್ಮ ‘ಕಣಿವೆ’ಗೆ ತಮಿಳಿನ ‘ಕಣವಾಯ್’ ಒಡಹುಟ್ಟು. ಅಲ್ಲಿ ಅದು ಬೆಟ್ಟಗಳ ನಡುವಿನ ದಾರಿ. ಆದರೆ ‘ಹಳ್ಳಿ’ಗೂ ಹಳ್ಳಕ್ಕೂ ನಂಟಿಲ್ಲ. ಅದು ಊರು ಎಂಬ ಅರ್ಥದ ‘ಪಳ್ಳಿ’ಯಿಂದ ಬಂದದ್ದು.

ಬರೆದಿಡಬೇಕಾದ ಮಾತು

ಕಂಬಂನ ಈ ಜನರು ಸಾಕುತ್ತಿದ್ದ ದೇವರ ದನಗಳ ಹಿಂಡನ್ನು 1906ರ ಮಧುರೆ ಗೆಜೆಟಿಯರ್ ‘ದೇವರು ಆವು’ ಎಂಬ ಕನ್ನಡ ಹೆಸರಿನಲ್ಲೇ ದಾಖಲಿಸಿದೆ. ತಮಿಳಿನ ‘ತಂಬಿರಾನ್ ಮಾಡು’ ಅದರ ಜೊತೆಗಿದೆ. ಕರ್ನಾಟಕದ ಪೇಟೆಗಳಲ್ಲಿ ‘ಆವು’ ಈಗ ಕೇಳುವುದೇ ಅಪರೂಪ.

ಆ ಹೆಸರು ಉಳಿದದ್ದು ಯಾರೋ ಕೇಳಿ ಬರೆದುಕೊಂಡಿದ್ದರಿಂದ. ಹೊಲದ ಪಕ್ಕದ ತಗ್ಗಿಗೆ, ತೊರೆಗೆ, ದಿಬ್ಬಕ್ಕೆ ಮನೆಯ ಅಜ್ಜಿ ತಾತ ಏನನ್ನುತ್ತಾರೆ ಎಂದು ಮಕ್ಕಳು ಕೇಳಿ ಬರೆದಿಟ್ಟರೆ ಅದೂ ಉಳಿದೀತು. ಕನ್ನಡ ಅಕ್ಷರ ಬಾರದಿದ್ದರೆ ತಮಿಳು ಅಕ್ಷರದಲ್ಲೇ ಬರೆಯಲಿ. ‘ಹ’ ಬರೆಯಲು ಅಲ್ಲೂ ಗ್ರಂಥಾಕ್ಷರವಿದೆ.