ನಾಳೆಯಿಂದ ಎಂಬ ವ್ಯಾಯಾಮ

ವ್ಯಾಯಾಮದ ವಿಷಯವಾಗಿ ಮಾತನಾಡಬೇಕೆಂದು ಆಕಾಶವಾಣಿಯವರು ಕೇಳಿದಾಗ ನಮ್ಮ ಮನೆಯಲ್ಲಿ ಎಲ್ಲರೂ ನಕ್ಕರು. ನಗುವುದಕ್ಕೆ ಕಾರಣವಿತ್ತು. ನಮ್ಮ ಅಟ್ಟದ ಮೇಲೆ ಒಂದು ಜೊತೆ ಡಂಬೆಲ್ಸು, ಮಂಚದ ಕೆಳಗೆ ಸುತ್ತಿಟ್ಟ ಒಂದು ಚಾಪೆ, ಕಪಾಟಿನಲ್ಲಿ ಎರಡೇ ಸಲ ತೊಟ್ಟ ಕ್ಯಾನ್ವಾಸ್ ಬೂಟು ಇವೆ. ಇವೆಲ್ಲ ಬೇರೆ ಬೇರೆ ಯುಗಾದಿಗಳಂದು ನಾನು ಮಾಡಿದ ಸಂಕಲ್ಪಗಳ ಸ್ಮಾರಕಗಳು. ಆದಕಾರಣ ಈ ಮಾತುಗಳನ್ನು ಪಟುವೊಬ್ಬನ ಉಪದೇಶವೆಂದು ಭಾವಿಸದೆ, ಮೂರು ಬಾರಿ ಕೈಬಿಟ್ಟು ನಾಲ್ಕನೆಯ ಬಾರಿ ಹಿಡಿದುಕೊಂಡವನೊಬ್ಬನ ನಿವೇದನೆಯೆಂದು ಕೇಳುಗರು ಸ್ವೀಕರಿಸಬೇಕು.

ದೇಹಶ್ರಮದಿಂದ ಒಳಿತುಂಟೆಂಬುದರಲ್ಲಿ ಈಗ ಯಾರಿಗೂ ಸಂದೇಹವಿಲ್ಲ. 1953ರಲ್ಲಿ ಜೆರಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಬಸ್ ನೌಕರರನ್ನು ಕುರಿತ ಅಧ್ಯಯನವೊಂದನ್ನು ತಮ್ಮ ಸಂಗಡಿಗರೊಡನೆ ಪ್ರಕಟಿಸಿದರು. ಅಲ್ಲಿಯ ಎರಡಂತಸ್ತಿನ ಬಸ್ಸುಗಳಲ್ಲಿ ಚಾಲಕನು ದಿನವೆಲ್ಲ ಕುಳಿತಿರುತ್ತಿದ್ದ. ಕಂಡಕ್ಟರನು ಟಿಕೆಟ್ ಕೊಡಲು ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ಒಂದೇ ಬಸ್ಸು, ಒಂದೇ ಊರು, ಹೆಚ್ಚುಕಡಮೆ ಒಂದೇ ಬಗೆಯ ಬದುಕು. ಆದರೂ ಹೃದ್ರೋಗವು ಚಾಲಕರಲ್ಲಿ ಹೆಚ್ಚಾಗಿ ಕಂಡಿತು. ಇಂದು ನಮ್ಮಲ್ಲಿ ಬಹುಮಂದಿ ಮೇಜಿನ ಮುಂದೆ ಕುಳಿತ ಚಾಲಕರೇ ಆಗಿದ್ದೇವೆ.

ಇಷ್ಟು ತಿಳಿದೂ ನಾವೇಕೆ ಏಳುವುದಿಲ್ಲ? ಪ್ರಶ್ನೆ ಇರುವುದು ಇಲ್ಲಿ. ಉತ್ಸಾಹವಿಲ್ಲದ್ದರಿಂದ ಎನ್ನುತ್ತೇವೆ. ನಮ್ಮ ಆಲಂಕಾರಿಕರು ಉತ್ಸಾಹವನ್ನು ವೀರರಸದ ಸ್ಥಾಯಿಭಾವವೆಂದು ಗಣಿಸಿದರು. ಆದರೆ ಮುಂಜಾನೆ ಐದೂವರೆಗೆ ಹೊದಿಕೆಯೊಳಗಿರುವ ಮನುಷ್ಯನ ಉತ್ಸಾಹವು ಸ್ಥಾಯಿಯಲ್ಲ, ಸಂಚಾರಿ. ಬಂದಾಗ ಬರುತ್ತದೆ, ಮಳೆಹನಿ ಬಿದ್ದರೆ ಹೋಗುತ್ತದೆ. ಅದನ್ನು ನಂಬಿ ನಿಯಮವನ್ನು ಕಟ್ಟಹೊರಟದ್ದೇ ನನ್ನ ಮೂರು ಸೋಲುಗಳ ಮೂಲ. ಉತ್ಸಾಹದ ಭರದಲ್ಲಿ ಮೊದಲ ದಿನವೇ ಒಂದು ಗಂಟೆ ಬೆವರು ಸುರಿಸುವುದು, ಎರಡನೆಯ ದಿನ ಮೈಕೈ ನೋವು, ಮೂರನೆಯ ದಿನ ವಿಶ್ರಾಂತಿ, ನಾಲ್ಕನೆಯ ದಿನದಿಂದ ‘ನಾಳೆ’. ಈ ಕ್ರಮ ಬಹುಜನರಿಗೆ ಪರಿಚಿತವೇ ಇರಬೇಕು.

ಉತ್ಸಾಹಕ್ಕಿಂತ ಅಭ್ಯಾಸವು ನಂಬತಕ್ಕ ಬಂಟ. ಆದರೆ ಅಭ್ಯಾಸ ಬೇರೂರಲು ಕಾಲ ಬೇಕು. ಲಂಡನ್ನಿನ ವಿಶ್ವವಿದ್ಯಾಲಯವೊಂದರ ಸಂಶೋಧಕರು 96 ಮಂದಿಯನ್ನು ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಹೊಸ ರೂಢಿಯೊಂದು ತಾನಾಗಿಯೇ ನಡೆಯುವ ಮಟ್ಟಕ್ಕೆ ಬರಲು ಸರಾಸರಿ 66 ದಿನಗಳು ಬೇಕಾದವು. ಕೆಲವರಿಗೆ 18 ದಿನ ಸಾಕಾದರೆ, ಕೆಲವರ ಲೆಕ್ಕ 254 ದಿನಗಳವರೆಗೂ ಹೋಗುವಂತಿತ್ತು. ಇದಕ್ಕಿಂತಲೂ ನನಗೆ ಸಮಾಧಾನ ಕೊಟ್ಟ ಸಂಗತಿ ಇನ್ನೊಂದು: ನಡುವೆ ಒಂದು ದಿನ ತಪ್ಪಿದರೆ ಗಳಿಸಿದ್ದೇನೂ ಅಳಿಸಿಹೋಗುವುದಿಲ್ಲ. ವ್ರತಭಂಗವಾಯಿತೆಂದು ವ್ರತವನ್ನೇ ಬಿಡುವ ನಮ್ಮ ಸ್ವಭಾವಕ್ಕೆ ಇದು ಒಳ್ಳೆಯ ಮದ್ದು. ಅಂದಿನಿಂದ ನಾನು ಒಂದೇ ನಿಯಮ ಇಟ್ಟುಕೊಂಡಿದ್ದೇನೆ: ಒಂದು ದಿನ ತಪ್ಪಬಹುದು, ಎಡೆಬಿಡದೆ ಎರಡು ದಿನ ತಪ್ಪಕೂಡದು.

ಅಭ್ಯಾಸಕ್ಕೆ ಆಸರೆಯಾಗತಕ್ಕದ್ದು ಸಂಗ. ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಗರಡಿಮನೆಯಲ್ಲಿ ಸಾಮು ಮಾಡುತ್ತಿದ್ದವನು ಒಂಟಿಯಾಗಿ ಮಾಡುತ್ತಿರಲಿಲ್ಲ. ಕೆಮ್ಮಣ್ಣಿನ ಅಖಾಡದಲ್ಲಿ ಜೊತೆಗಾರರು ಬಸ್ಕಿ ಎಣಿಸುತ್ತಿದ್ದರು. ಬಾರದವನನ್ನು ಮರುದಿನ ಉಸ್ತಾದರು ವಿಚಾರಿಸಿಕೊಳ್ಳುತ್ತಿದ್ದರು. ಸಾಹಿತ್ಯಾಸಕ್ತರಿಗೆ ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃವೆಂದು ಪರಿಚಿತರಾದ ಕೆ.ವಿ. ಅಯ್ಯರ್ ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದವರು, ಅಂಗಸಾಧನೆಯ ಮೇಲೆ ಇಂಗ್ಲಿಷಿನಲ್ಲಿ ಪುಸ್ತಕಗಳನ್ನು ಬರೆದವರು. ಅವರು ದೂರದ ಶಿಷ್ಯರಿಗೆ ಅಂಚೆಯ ಮೂಲಕವೂ ಪಾಠ ಕಳಿಸುತ್ತಿದ್ದರು. ಅಂಚೆಯಲ್ಲಿ ಡಂಬೆಲ್ಸಿನ ಭಾರವನ್ನು ಕಳಿಸಬಹುದೇ ಹೊರತು ಎತ್ತುವ ಮನಸ್ಸನ್ನು ಕಳಿಸುವುದು ಹೇಗೆಂದು ಯಾರಾದರೂ ಕೇಳಬಹುದು. ಆದರೆ ದೂರದಲ್ಲೊಬ್ಬ ಗುರು ನನ್ನ ಪ್ರಗತಿಯನ್ನು ಗಮನಿಸುತ್ತಿದ್ದಾನೆಂಬ ಭಾವನೆಯೇ ಒಂದು ಬಲವಲ್ಲವೇ?

ರೇಡಿಯೋ ಕೂಡ ಈ ಕೆಲಸ ಮಾಡಿದೆ. ಜಪಾನಿನಲ್ಲಿ 1928ರಲ್ಲಿ ಬಾನುಲಿಯ ಮೂಲಕ ಸಾಮೂಹಿಕ ವ್ಯಾಯಾಮ ಆರಂಭವಾಯಿತು. ಅಮೆರಿಕದ ವಿಮಾಸಂಸ್ಥೆಯೊಂದು ನಡೆಸುತ್ತಿದ್ದ ಪ್ರಸಾರವು ಅದಕ್ಕೆ ಮಾದರಿ. ಎರಡನೆಯ ಮಹಾಯುದ್ಧದ ತರುವಾಯ ಅದು ನಿಂತುಹೋಗಿ, 1951ರಲ್ಲಿ ಹೊಸ ರೂಪದಲ್ಲಿ ಮರಳಿತು. ಪಿಯಾನೋದ ಸ್ವರಕ್ಕೆ ಹೊಂದಿಸಿದ ಹದಿಮೂರು ಚಲನೆಗಳು, ಒಟ್ಟು ಮೂರು ನಿಮಿಷದ ಆಸುಪಾಸು. ಬೇಸಿಗೆಯ ರಜೆಯಲ್ಲಿ ಮಕ್ಕಳು ಕೊರಳಿಗೆ ಕಾರ್ಡು ಕಟ್ಟಿಕೊಂಡು ಬೆಳಗ್ಗೆ ಆರೂವರೆಗೆ ಬಯಲಿನಲ್ಲಿ ಸೇರುವುದು, ಹಿರಿಯರೊಡನೆ ಕೈಕಾಲಾಡಿಸಿ ಕಾರ್ಡಿನ ಮೇಲೆ ಮುದ್ರೆ ಒತ್ತಿಸಿಕೊಳ್ಳುವುದು ಅಲ್ಲಿಯ ರೂಢಿ. ಮೂರು ನಿಮಿಷದಲ್ಲಿ ಯಾರೂ ಭೀಮಸೇನರಾಗುವುದಿಲ್ಲ. ಆದರೆ ಕಷ್ಟವೆನಿಸದಷ್ಟು ಚಿಕ್ಕದು, ಗೊತ್ತಾದ ವೇಳೆ, ಜೊತೆಯವರು, ಬಂದದ್ದಕ್ಕೊಂದು ಗುರುತು: ಈ ನಾಲ್ಕೂ ಅದರಲ್ಲಿ ಕೂಡಿವೆ. ಯಾವ ನಿಯಮವೂ ಬಾಳಬೇಕಾದರೆ ಇವೇ ನಾಲ್ಕು ಕಂಬಗಳು.

ಎಷ್ಟು ಮಾಡಬೇಕು? ವಿಶ್ವ ಆರೋಗ್ಯ ಸಂಸ್ಥೆಯ 2020ರ ಸೂಚನೆಯಂತೆ, ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ, ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಕೆಲಸ. 65 ದಾಟಿದವರಿಗೆ ಇದರ ಜೊತೆಗೆ ಸಮತೋಲದ ಅಭ್ಯಾಸವೂ ಬೇಕು. ಮಧ್ಯಮ ಶ್ರಮವನ್ನು ಅಳೆಯಲು ಯಂತ್ರ ಬೇಡ: ನಡೆಯುವಾಗ ಮಾತನಾಡಲು ಬರಬೇಕು, ಹಾಡಲು ಬರಬಾರದು. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಮಾತಂತೂ ಶಾಸ್ತ್ರವಾಕ್ಯದಂತೆ ಹಬ್ಬಿದೆ. ಅದರ ಹುಟ್ಟು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ, ‘ಹತ್ತು ಸಾವಿರ ಹೆಜ್ಜೆಯ ಮಾಪಕ’ ಎಂಬ ಅರ್ಥದ ಹೆಸರುಳ್ಳ ಒಂದು ಉಪಕರಣದಲ್ಲಿ. ವಯಸ್ಸಾದ ಸ್ತ್ರೀಯರನ್ನು ಕುರಿತು 2019ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸುಮಾರು 4,400 ಹೆಜ್ಜೆಗಳಿಗೇ ಒಳ್ಳೆಯ ಫಲ ಕಂಡಿದೆ. 7,500ರ ಸುಮಾರಿಗೆ ಆ ಫಲ ಏರುವುದು ನಿಂತಿದೆ. ಹತ್ತು ಸಾವಿರ ಆಗಲಿಲ್ಲವೆಂದು ಮನೆಯಲ್ಲೇ ಕುಳಿತವರು ಇದನ್ನು ಗಮನಿಸಬೇಕು.

ಇನ್ನು ನನ್ನ ದಿನಚರಿ. ಬೆಳಗ್ಗೆ ಮೂವತ್ತೈದು ನಿಮಿಷ ನಡಿಗೆ. ಬಂದ ಮೇಲೆ ಕುರ್ಚಿಯಿಂದ ಕೈಯೂರದೆ ಹತ್ತು ಬಾರಿ ಎದ್ದು ಕೂರುವುದು, ಗೋಡೆಗೆ ಅಂಗೈ ಕೊಟ್ಟು ಹತ್ತು ಬಾರಿ ತಳ್ಳುವುದು, ಕಿಟಕಿಯ ಸರಳು ಹಿಡಿದು ಒಂದೊಂದು ಕಾಲಿನ ಮೇಲೆ ಅರ್ಧ ನಿಮಿಷ ನಿಲ್ಲುವುದು. ಆಮೇಲೆ ಕ್ಯಾಲೆಂಡರಿನಲ್ಲಿ ಒಂದು ಗೀಟು, ಕಾಫಿ. ಇಷ್ಟೇ. ಇದನ್ನು ಯಾರೂ ನನ್ನಂತೆಯೇ ಮಾಡಬೇಕಾಗಿಲ್ಲ. ಹೃದಯದ ತೊಂದರೆಯೋ ಮಂಡಿನೋವೋ ಇದ್ದವರು ವೈದ್ಯರನ್ನು ಕೇಳಿಯೇ ಆರಂಭಿಸತಕ್ಕದ್ದು.

ಈ ನಾಲ್ಕನೆಯ ಯತ್ನ ನಿಂತದ್ದು ನನ್ನ ದೃಢತೆಯಿಂದಲ್ಲ. ಎದುರುಮನೆಯ ರಾಯರು ಅಂಚೆ ಇಲಾಖೆಯಲ್ಲಿದ್ದು ನಿವೃತ್ತರಾದವರು. ಐದು ಮುಕ್ಕಾಲಿಗೆ ಸರಿಯಾಗಿ ಗೇಟಿನ ಚಿಲಕ ಅಲ್ಲಾಡಿಸಿ, “ಮೇಷ್ಟ್ರೇ, ಎದ್ದಿರಾ?” ಎನ್ನುತ್ತಿದ್ದರು. ಇಲ್ಲವೆನ್ನಲು ಸಂಕೋಚವಾಗಿ ಎದ್ದುಹೋಗುತ್ತಿದ್ದೆ. ನಾಲ್ಕು ವರ್ಷ ಹೀಗೆ ನಡೆಯಿತು. ಹೋದ ವರ್ಷ ಅವರಿಗೆ ಪಾರ್ಶ್ವವಾಯು ಬಡಿಯಿತು. ನಿತ್ಯ ನಡೆಯುತ್ತಿದ್ದವರಿಗೆ ಹೀಗೇಕಾಯಿತೆಂದು ನಾನು ಕುಗ್ಗಿದೆ. ವ್ಯಾಯಾಮವು ಅಪಾಯವನ್ನು ಕಡಮೆ ಮಾಡುತ್ತದೆಯೇ ಹೊರತು ಅಭಯಪತ್ರ ಬರೆದುಕೊಡುವುದಿಲ್ಲವೆಂಬುದು ಬುದ್ಧಿಗೆ ತಿಳಿದಿತ್ತು, ಕಾಲಿಗೆ ತಿಳಿಯಲಿಲ್ಲ. ಗೇಟಿನ ಚಿಲಕ ಸದ್ದು ಮಾಡಲಿಲ್ಲ, ನಾನೂ ಏಳಲಿಲ್ಲ. ಒಂದು ತಿಂಗಳು ಕ್ಯಾಲೆಂಡರು ಬರಿದಾಗಿತ್ತು.

ಆಸ್ಪತ್ರೆಯಿಂದ ಮರಳಿದ ಅವರನ್ನು ನೋಡಲು ಹೋದೆ. ತೊದಲುವ ನಾಲಗೆಯಲ್ಲಿ ಅವರು ಕೇಳಿದ ಮೊದಲ ಮಾತು, “ಇವತ್ತು ಹೋಗಿದ್ರಾ?” ಸುಳ್ಳು ಹೇಳಲು ಬಾಯಿ ಬರಲಿಲ್ಲ. ಮರುದಿನ ಹೋದೆ.

ಈಗ ನಡಿಗೆ ಮುಗಿಸಿ ನೇರವಾಗಿ ಅವರ ಮನೆಗೆ ಹೋಗುತ್ತೇನೆ. ವೈದ್ಯರು ಹೇಳಿಕೊಟ್ಟಂತೆ ಅವರು ಊರುಗೋಲು ಹಿಡಿದು ಜಗಲಿಯ ಆ ಕೊನೆಯಿಂದ ಈ ಕೊನೆಗೆ ನಡೆಯುತ್ತಾರೆ. ಪಕ್ಕದಲ್ಲಿ ಅವರ ಮಗ ಇರುತ್ತಾನೆ. ಎಣಿಸುವ ಕೆಲಸ ನನ್ನದು. ಮೊದಲ ವಾರ ಹನ್ನೆರಡು ಹೆಜ್ಜೆ. ಈ ವಾರ ನಲವತ್ತು. ಇಬ್ಬರ ಲೆಕ್ಕವನ್ನೂ ಒಂದೇ ನೋಟುಬುಕ್ಕಿನಲ್ಲಿ ಬರೆಯುತ್ತೇವೆ. ಅಂಕಣ ಎರಡು, ಪುಟ ಒಂದೇ. ನನ್ನ ಸಂಖ್ಯೆ ದೊಡ್ಡದು. ಶ್ರಮ ಯಾರದು ದೊಡ್ಡದೆಂದು ನಮ್ಮಿಬ್ಬರಿಗೂ ಗೊತ್ತಿದೆ.

ಕೇಳುಗರಲ್ಲಿ ನನ್ನ ವಿನಂತಿ ಚಿಕ್ಕದು. ನಿಮ್ಮ ನಿಯಮ ಎಷ್ಟೇ ಅಲ್ಪವಾಗಿರಲಿ, ಅದನ್ನು ಒಬ್ಬರಿಗಾದರೂ ತಿಳಿಸಿಡಿ, ಅವರದನ್ನು ಕೇಳಿಕೊಳ್ಳಿ. ಬೆಳಗ್ಗೆ ಯಾರದಾದರೂ ಗೇಟಿನ ಚಿಲಕ ಅಲ್ಲಾಡಿಸಿ. ನಾಳೆಯಿಂದ ಎಂದು ನಾನು ಹೇಳುವುದಿಲ್ಲ. ಈ ಭಾಷಣ ಮುಗಿದೊಡನೆ ಎದ್ದು ಬೀದಿಯ ಕೊನೆಯವರೆಗೆ ಹೋಗಿಬರಲು ಯಾವ ಮುಹೂರ್ತವೂ ಬೇಕಾಗಿಲ್ಲ.