ಮೀಟರ್ ಇಲ್ಲದ ಮಾತು

ತಿಪಟೂರು ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಎಸ್‌ಟಿಡಿ ಬೂತ್ ಇತ್ತು. ದೂರ ಹೆಚ್ಚಿದಷ್ಟೂ ದುಡ್ಡು ಎಣಿಸುವ ಪಲ್ಸ್ ಗಿಡ್ಡ. ತುಮಕೂರಿಗಿಂತ ಬೊಂಬಾಯಿಗೆ ಮಾತಾಡುವವರ ದುಡ್ಡು ಬೇಗ ಓಡುತ್ತಿತ್ತು. ರಾತ್ರಿ ಅರ್ಧ ದರ, ಇನ್ನೂ ಹೊತ್ತಾದರೆ ಕಾಲು ದರ ಅಂತ ಜನ ಊಟ ಮುಗಿಸಿಯೇ ಬರುತ್ತಿದ್ದರು. ಗಾಜಿನ ಡಬ್ಬಿಯೊಳಗೆ ಹೊತ್ತು ಮರೆತವರು ಯಾರೂ ಇಲ್ಲ. ಕಣ್ಣು ಮೀಟರಿನ ಕೆಂಪು ಅಂಕಿಯ ಮೇಲೆ, ಬಾಯಲ್ಲಿ ‘ಎಲ್ಲ ಚೆನ್ನಾಗಿದೀವಿ, ಇಡ್ತೀನಿ’.

ಈಗ ಮಗಳು ಅಮೆರಿಕದ ಡಾಲಸ್‌ನಲ್ಲಿದ್ದಾಳೆ. ಭಾನುವಾರ ಬೆಳಗ್ಗೆ ಏಳೂವರೆಗೆ ವಿಡಿಯೊ ಕಾಲ್. ಬೇಸಿಗೆಯಲ್ಲಾದರೆ ಅಲ್ಲಿ ಶನಿವಾರ ರಾತ್ರಿ ಒಂಬತ್ತು. ಮೊಬೈಲನ್ನು ಕಾಫಿಪುಡಿ ಡಬ್ಬಕ್ಕೆ ಒರಗಿಸಿ ಕೂತರೆ ದೋಸೆ ಹಿಟ್ಟು ಉಕ್ಕಿ ಕಟ್ಟೆಯ ಮೇಲೆ ಇಳಿದರೂ ನಮ್ಮವಳಿಗೆ ಗೊತ್ತಾಗುವುದಿಲ್ಲ.

ಬಿಟ್ಟಿಯಾಗಿದ್ದಕ್ಕೇ ಹೀಗೆ ಅನ್ನುತ್ತಾರೆ. 2016ರಲ್ಲಿ ಜಿಯೊ ಬಂತು, ಅದೇ ವರ್ಷ ವಾಟ್ಸಾಪ್‌ನಲ್ಲಿ ವಿಡಿಯೊ ಕಾಲ್ ಶುರುವಾಯಿತು, ನಿಜ. ಆದರೆ ಬೂತ್ ನಡೆಸಿದವನ ಕಣ್ಣಿಗೆ ಇನ್ನೊಂದು ಕಾಣುತ್ತದೆ. ಆಗ ಮಾತು ಮುಗಿದರೆ ಫೋನು ಇಡುತ್ತಿದ್ದರು, ಸುಮ್ಮನಿರುವುದಕ್ಕೆ ಯಾರು ದುಡ್ಡು ಕೊಡುತ್ತಾರೆ? ಈಗ ಮಾತು ಮುಗಿದರೂ ನೋಡುವುದು ಮುಗಿಯುವುದಿಲ್ಲ. ಮೊಮ್ಮಗಳು ನೆಲದ ಮೇಲೆ ಬೋರಲು ಮಲಗಿ ಆನೆಗೆ ಹಸಿರು ಬಣ್ಣ ತುಂಬುತ್ತಾಳೆ. ನಾವಿಬ್ಬರೂ ಪಿಟಕ್ಕೆನ್ನದೆ ನೋಡುತ್ತೇವೆ. ಬಾಲ ಮುಗಿದ ಮೇಲೆ ‘ತಾತ, ಇದ್ದೀಯಾ?’ ಅಂತ ಕೇಳುತ್ತಾಳೆ. ನಮ್ಮ ಕಾಲ್‌ನಲ್ಲಿ ಹೊತ್ತು ಜಾರುವುದು ಹೆಚ್ಚಾಗಿ ಇಂಥ ಮೌನದಲ್ಲೇ.

ಡ್ಯಾನ್ ಜಕಾಯ್, ರಿಚರ್ಡ್ ಬ್ಲಾಕ್ ಎಂಬ ಮನಶ್ಶಾಸ್ತ್ರಜ್ಞರು 1990ರ ದಶಕದಲ್ಲಿ ಇದಕ್ಕೊಂದು ವಿವರಣೆ ಕೊಟ್ಟರು. ತಲೆಯೊಳಗೂ ಪಲ್ಸ್ ಬೀಳುತ್ತಿರುತ್ತದಂತೆ. ಗಮನ ಹೊತ್ತಿನ ಕಡೆಗಿದ್ದರೆ ಬಾಗಿಲು ತೆರೆದು ಅವು ಲೆಕ್ಕಕ್ಕೆ ಸೇರುತ್ತವೆ. ಗಮನ ಬೇರೆಡೆ ಹೋದರೆ ಬಾಗಿಲು ಕಿರಿದಾಗಿ ಲೆಕ್ಕ ತಪ್ಪುತ್ತದೆ, ಗಂಟೆಯೂ ಗಳಿಗೆಯಂತೆ ಅನಿಸುತ್ತದೆ. ನನಗಂತೂ ಥಟ್ಟನೆ ಅರ್ಥವಾಯಿತು. ಸಾಲದ್ದಕ್ಕೆ ಪರದೆ ತುಂಬ ಮುಖ ಬಂದಾಗ ನನ್ನ ಮೊಬೈಲಿನ ಮೂಲೆಯ ಗಡಿಯಾರವೂ ಮಾಯ.

ಅಳಿಯಂದಿರದು ಉಲ್ಟಾ ದೂರು. ಆಫೀಸಿನ ವಿಡಿಯೊ ಮೀಟಿಂಗ್ ಎಷ್ಟು ಹೊತ್ತಾದರೂ ಮುಗಿಯುವುದಿಲ್ಲವಂತೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೈಲೆನ್‌ಸನ್ 2021ರಲ್ಲಿ ಇಂಥ ಮೀಟಿಂಗುಗಳ ದಣಿವಿಗೆ ಕಾರಣ ಬರೆದಿದ್ದಾರೆ: ತೀರಾ ಹತ್ತಿರದಿಂದ ದಿಟ್ಟಿಸುವ ಮುಖಗಳು, ಕನ್ನಡಿಯ ಹಾಗೆ ಸದಾ ಎದುರಿಗಿರುವ ತನ್ನದೇ ಮುಖ, ಕೂತಲ್ಲಿಂದ ಅಲ್ಲಾಡಲಾಗದ ಸ್ಥಿತಿ. ನಮ್ಮನೆಯಲ್ಲಿ ಕಾಲ್ ನಡೆಯುತ್ತಿರುವಾಗಲೇ ಇವಳು ಹೂ ಕಟ್ಟುತ್ತಾಳೆ, ಅಲ್ಲಿ ಮಗಳು ಬಟ್ಟೆ ಮಡಚುತ್ತಾಳೆ. ದಣಿವೆಲ್ಲಿಂದ ಬರಬೇಕು?

ಹಬ್ಬಕ್ಕೆ ಬಂಧುಬಳಗವೆಲ್ಲ ಸೇರುವುದು ಜೂಮ್‌ನಲ್ಲಿ. ಬಿಟ್ಟಿ ಖಾತೆಯಾದ್ದರಿಂದ 40 ನಿಮಿಷಕ್ಕೆ ಕಟ್. ಎಲ್ಲರೂ ಬೈಯುತ್ತಾರೆ, ನನಗೆ ಅದು ಭೇಷ್ ಅನಿಸುತ್ತದೆ. ಕೊನೆಯ ನಿಮಿಷಗಳಲ್ಲೇ ಕೆಲಸದ ಮಾತೆಲ್ಲ ಹೊರಬೀಳುತ್ತದೆ: ಯಾರಿಗೆ ಹೆಣ್ಣು ನೋಡುತ್ತಿದ್ದಾರೆ, ಯಾರ ಕಣ್ಣಿನ ಆಪರೇಶನ್ ಯಾವಾಗ.

ಭಾನುವಾರದ ಕಾಲ್‌ಗೂ ಅಲಾರಂ ಇಡೋಣ ಎಂದೆ. ‘ಸುಮ್ಮನಿರ್ರೀ’ ಅಂದಳು ನಮ್ಮವಳು. ಅವಳ ಲೆಕ್ಕವೇ ಬೇರೆ. ನವೆಂಬರ್ ಮೊದಲ ಭಾನುವಾರ ಅಮೆರಿಕದ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಅದರ ಮುಂದಿನ ವಾರದಿಂದ ನಮ್ಮ ಏಳೂವರೆಗೆ ಅಲ್ಲಿ ಎಂಟೇ ಗಂಟೆ. ಮಗು ಮಲಗುವುದಕ್ಕೆ ಮುಂಚೆ ಇನ್ನೂ ಒಂದು ಗಂಟೆ ಹೆಚ್ಚಿಗೆ ಸಿಗುತ್ತದೆ ಅಂತ ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಾಳೆ.