ಆರಿದ್ರಾ ಸಿಡಿದರೆ ಮಳೆ ನಿಲ್ಲುವುದೇ?

ಜೂನ್ ತಿಂಗಳಲ್ಲಿ ಹರಿಹರದ ಪ್ರೌಢಶಾಲೆಯೊಂದಕ್ಕೆ ನಕ್ಷತ್ರಗಳ ಬಗ್ಗೆ ಮಾತಾಡಲು ಹೋಗಿದ್ದೆ. ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. "ಸರ್, ಆರಿದ್ರಾ ನಕ್ಷತ್ರ ಸಿಡಿದು ಹೋಗುತ್ತೆ ಅಂತ ಮೊಬೈಲ್‌ನಾಗೆ ನೋಡಿದೆ. ಅದು ಹೋದ್ರೆ ಆರಿದ್ರಾ ಮಳೆ ಬರೋದಿಲ್ವಾ?"

ಯಾರೂ ನಗಲಿಲ್ಲ. ಮೆಕ್ಕೆಜೋಳ ಬಿತ್ತಿ ಮುಗಿಲು ನೋಡುತ್ತ ಕೂತ ಮನೆಗಳಿಂದ ಬಂದ ಮಕ್ಕಳು ಅವರು. "ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ" ಎಂಬ ಮಾತನ್ನು ಅಜ್ಜಂದಿರ ಬಾಯಲ್ಲಿ ಕೇಳುತ್ತಲೇ ಬೆಳೆದವರು.

ಮಳೆ ಬರುತ್ತದಮ್ಮ ಎಂದೆ. ಸೂರ್ಯ ಆ ನಕ್ಷತ್ರದ ದಿಕ್ಕಿನಲ್ಲಿರುವ ಸುಮಾರು ಹದಿನಾಲ್ಕು ದಿನಕ್ಕೆ ನಮ್ಮ ಹಿರಿಯರು ಇಟ್ಟ ಹೆಸರು ಆರಿದ್ರಾ. ಮೋಡ ತರುವುದು ಅರಬ್ಬಿ ಸಮುದ್ರದ ಗಾಳಿ. ನಕ್ಷತ್ರವಿರುವುದು ಐನೂರಕ್ಕೂ ಹೆಚ್ಚು ಜ್ಯೋತಿರ್ವರ್ಷ ಆಚೆ. ಅದು ಇದ್ದರೂ ಹೋದರೂ ತುಂಗಭದ್ರೆಗೆ ಬರುವ ನೀರು ಒಂದು ಹನಿಯೂ ಏರುಪೇರಾಗುವುದಿಲ್ಲ.

ಅವಳು ಕೂತಳು. ನನಗೆ ಸಮಾಧಾನವಾಗಲಿಲ್ಲ, ಏಕೆಂದರೆ ಅವಳ ಪ್ರಶ್ನೆಯ ಮೊದಲರ್ಧ ಹಾಗೇ ಉಳಿದಿತ್ತು. ಆರಿದ್ರಾ ಸಿಡಿಯುವುದು ನಿಜ. ಯಾವಾಗ ಎಂಬುದರಲ್ಲಿದೆ ಗದ್ದಲ. 2019ರ ಕೊನೆಯಲ್ಲಿ ಅದು ಮಂಕಾಗತೊಡಗಿ 2020ರ ಫೆಬ್ರುವರಿ ಹೊತ್ತಿಗೆ ಬರಿಗಣ್ಣಿಗೂ ತಿಳಿಯುವಷ್ಟು ಬಾಡಿತ್ತು. ಇನ್ನೇನು ಸಿಡಿಯಿತು ಎಂದು ಲೋಕವೆಲ್ಲ ಕೂಗಿತು. ಆಮೇಲೆ ನೋಡಿದರೆ, ನಕ್ಷತ್ರ ತಾನೇ ಉಗುಳಿದ ಅನಿಲ ತಣಿದು ಧೂಳಾಗಿ ಅಡ್ಡ ನಿಂತಿತ್ತು. ಆದರೂ ಇವತ್ತೋ ನಾಳೆಯೋ ಎಂಬ ವಿಡಿಯೊಗಳು ನಿಂತಿಲ್ಲ. ಇನ್ನು ಒಂದು ಲಕ್ಷ ವರ್ಷದೊಳಗೆ ಎಂದಾದರೂ ಆಗಬಹುದಾದದ್ದನ್ನು ನಾಳೆಗೆ ಎಳೆದು ತಂದು ಮಕ್ಕಳನ್ನು ಹೆದರಿಸುವುದು ನನಗೆ ಸಿಟ್ಟು ತರಿಸುತ್ತದೆ.

ಅಂದು ಸಂಜೆ ದಾವಣಗೆರೆಗೆ ಮರಳಿ ಮಂಡಕ್ಕಿ ಭಟ್ಟಿಯ ಮುಂದೆ ಹಾಯುವಾಗ ಅವಳಿಗೆ ಹೇಳಬೇಕಿದ್ದ ಮಾತು ಹೊಳೆಯಿತು. ಕಾದ ಉಸುಕಿನಲ್ಲಿ ಬಿದ್ದ ಒಂದೇ ಒಂದು ಅಕ್ಕಿಕಾಳನ್ನು ನೋಡುತ್ತ ಕೂತರೆ ಅದು ಯಾವ ಗಳಿಗೆಯಲ್ಲಿ ಅರಳುತ್ತದೆಂದು ಭಟ್ಟಿಯಲ್ಲೇ ಬೆಳೆದವನೂ ಹೇಳಲಾರ. ಅದೇ ಇಡೀ ಬಾಣಲೆಯನ್ನು ನೋಡಿ, ಚಟಪಟ ನಿಲ್ಲುವುದೇ ಇಲ್ಲ. ಆರಿದ್ರಾ ಒಂದು ಕಾಳು. ನಮ್ಮ ಆಕಾಶಗಂಗೆಯಲ್ಲಿ ನೂರು ವರ್ಷಕ್ಕೆ ಸುಮಾರು ಎರಡು ಕಾಳು ಸಿಡಿಯುತ್ತವೆ ಎಂಬ ಅಂದಾಜಿದೆ. ಅವುಗಳಲ್ಲೂ ಎಷ್ಟೋ ಧೂಳಿನ ಮರೆಯಲ್ಲಿ ನಡೆದುಹೋಗುತ್ತವೆ. ಆಕಾಶಗಂಗೆಯೊಳಗಿನ ಸ್ಫೋಟವೊಂದು ಬರಿಗಣ್ಣಿಗೆ ಕೊನೆಯ ಸಲ ಢಾಳಾಗಿ ಕಂಡದ್ದು 1604ರಲ್ಲಿ. ಇಕ್ಕೇರಿಯಲ್ಲಿ ವೆಂಕಟಪ್ಪ ನಾಯಕ ಆಳುತ್ತಿದ್ದ ಕಾಲ ಅದು. ಗೆಲಿಲಿಯೊ ಇನ್ನೂ ಆಕಾಶಕ್ಕೆ ದೂರದರ್ಶಕ ಹಿಡಿದಿರಲಿಲ್ಲ.

ಬಾಣಲೆಯನ್ನೇ ನೋಡುವ ಹಟ ಹಿಡಿದವರಲ್ಲಿ ಒಬ್ಬರು ನಮ್ಮವರೇ. ಹರಿಹರದ ಮೇಲೆ ಹಾಯುವ ರೈಲು ಹತ್ತಿದರೆ ಸಿಗುವ ಹುಬ್ಬಳ್ಳಿಯಲ್ಲಿ ಬೆಳೆದ ಶ್ರೀನಿವಾಸ ಕುಲಕರ್ಣಿ, ಲೇಖಕಿ ಸುಧಾ ಮೂರ್ತಿಯವರ ತಮ್ಮ. ದೆಹಲಿಯ ಐಐಟಿ ಮುಗಿಸಿ ಬರ್ಕ್ಲಿಗೆ ಹೋದರು. ಅಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ, 1982ರಲ್ಲಿ, ಡಾನ್ ಬ್ಯಾಕರ್ ಜೊತೆಗೂಡಿ ಸೆಕೆಂಡಿಗೆ 642 ಸುತ್ತು ತಿರುಗುವ ಪಲ್ಸಾರ್ ಪತ್ತೆಮಾಡಿದರು. ಪಲ್ಸಾರ್ ಅಂದರೆ ಸಿಡಿದ ನಕ್ಷತ್ರ ಬಿಟ್ಟುಹೋದ ಬೀಜ. ಆಮೇಲೆ ಕ್ಯಾಲ್‌ಟೆಕ್ ಸೇರಿ, ಕ್ಯಾಲಿಫೋರ್ನಿಯಾದ ಪಾಲೊಮಾರ್ ಬೆಟ್ಟದ ಹಳೆಯ ದೂರದರ್ಶಕಕ್ಕೆ ಹೊಸ ಕಣ್ಣು ಕೂಡಿಸಿದರು. 2009ರಲ್ಲಿ ಒಂದು ಸಮೀಕ್ಷೆ, 2018ರಿಂದ ಅದಕ್ಕಿಂತ ದೊಡ್ಡ ಇನ್ನೊಂದು. ಈಗಿನ ಕ್ಯಾಮೆರಾದ ಒಂದೇ ಚಿತ್ರದಲ್ಲಿ ಇನ್ನೂರಕ್ಕೂ ಹೆಚ್ಚು ಹುಣ್ಣಿಮೆ ಚಂದ್ರರನ್ನು ಪಕ್ಕಪಕ್ಕ ಕೂರಿಸಬಹುದು. ಇವತ್ತಿನ ಚಿತ್ರದಿಂದ ಹಳೆಯ ಚಿತ್ರವನ್ನು ಕಂಪ್ಯೂಟರ್ ಕಳೆಯುತ್ತದೆ. ಉಳಿದದ್ದು ಹೊಸದು.

ಈ ಎರಡನೆಯ ಸಮೀಕ್ಷೆಗೆ ಫ್ರಿಟ್ಜ್ ಜ್ವಿಕಿಯ ಹೆಸರಿಟ್ಟಿದ್ದಾರೆ. ನಕ್ಷತ್ರದ ಇಂಥ ಸಿಡಿತಕ್ಕೆ ಸೂಪರ್‌ನೋವಾ ಎಂಬ ಮಾತನ್ನು 1930ರ ದಶಕದಲ್ಲಿ ವಾಲ್ಟರ್ ಬಾಡೆ ಜೊತೆ ಸೇರಿ ಚಾಲ್ತಿಗೆ ತಂದವನು ಜ್ವಿಕಿ. ಬರೀ ನ್ಯೂಟ್ರಾನುಗಳ ನಕ್ಷತ್ರವೊಂದು ಆ ಸ್ಫೋಟದಲ್ಲಿ ಹುಟ್ಟಬಹುದು ಎಂದು ಇಬ್ಬರೂ 1934ರಲ್ಲೇ ಬರೆದಿದ್ದರು, ನ್ಯೂಟ್ರಾನ್ ಪತ್ತೆಯಾಗಿ ಎರಡೇ ವರ್ಷಕ್ಕೆ! ಅದೇ ಪಾಲೊಮಾರ್ ಬೆಟ್ಟದಲ್ಲಿ ಫಿಲ್ಮ್ ತೊಳೆದು, ಗಾಜಿನಡಿ ಹಿಡಿದು, ಜೀವಮಾನವಿಡೀ ಹುಡುಕಿ ಜ್ವಿಕಿ ಕಂಡದ್ದು ಸುಮಾರು 120 ಸೂಪರ್‌ನೋವಾ. ಅವನ ಹೆಸರಿನ ಸಮೀಕ್ಷೆ 2024ರ ಕೊನೆಯ ಹೊತ್ತಿಗೆ ಹತ್ತು ಸಾವಿರಕ್ಕೂ ಹೆಚ್ಚನ್ನು ಕಂಡು, ಯಾವುದು ಯಾವ ಜಾತಿ ಎಂದು ಬೇರ್ಪಡಿಸಿತ್ತು. ಮಾಮೂಲಿ ಸೂಪರ್‌ನೋವಾಕ್ಕಿಂತ ಹತ್ತು ಪಟ್ಟು ಹೆಚ್ಚು ಬೆಳಗುವ ಒಂದು ಜಾತಿಯೇ ಇದೆ ಎಂದು ಗೊತ್ತಾದದ್ದೂ ಬಾಣಲೆ ನೋಡಿದ್ದರಿಂದ. ಕುಲಕರ್ಣಿಯವರಿಗೆ 2024ರಲ್ಲಿ ಶಾ ಪ್ರಶಸ್ತಿ ಬಂತು.

ಮಂಡಕ್ಕಿಯ ಹೋಲಿಕೆ ಒಂದು ಕಡೆ ಮಾತ್ರ ಕೈಕೊಡುತ್ತದೆ. ಅಕ್ಕಿಕಾಳು ಒಳಗಿನ ತೇವ ಆವಿಯಾಗಿ ಹೊರಕ್ಕೆ ಅರಳುತ್ತದೆ. ಆರಿದ್ರಾದಂಥ ದೈತ್ಯ ನಕ್ಷತ್ರ ಮೊದಲು ಒಳಕ್ಕೆ ಬೀಳುತ್ತದೆ. ಹೈಡ್ರೋಜನ್, ಹೀಲಿಯಂ, ಕಾರ್ಬನ್ ಎಂದು ಒಂದೊಂದನ್ನೇ ಉರಿಸಿಕೊಂಡು ಬಂದ ಒಲೆ ಕಬ್ಬಿಣಕ್ಕೆ ಬಂದು ನಿಲ್ಲುತ್ತದೆ. ಕಬ್ಬಿಣ ಅದರ ಬೂದಿ, ಬೂದಿಗೆ ಮತ್ತೆ ಬೆಂಕಿ ಹತ್ತುವುದಿಲ್ಲ. ಆ ಕಬ್ಬಿಣದ ಗುಂಡು ಸುಮಾರು ಸೂರ್ಯನ 1.4 ಪಟ್ಟು ತೂಕಕ್ಕೆ ಬೆಳೆದಾಗ ತನ್ನ ಭಾರ ತಾನೇ ತಾಳಲಾರದೆ ಒಂದು ಸೆಕೆಂಡಿನೊಳಗೆ ಕುಸಿಯುತ್ತದೆ. ಕುಸಿದ ರಭಸ ತಿರುಗಿ ಹೊರಪದರಗಳನ್ನೆಲ್ಲ ಚಿಮ್ಮಿಸುತ್ತದೆ. ಇನ್ನೊಂದು ಬಗೆಯ ಸ್ಫೋಟದಲ್ಲಿ ಬಿಳಿಕುಬ್ಜ, ಅಂದರೆ ಉರುವಲು ತೀರಿದ ಸಣ್ಣ ನಕ್ಷತ್ರದ ಉಳಿದ ತಿರುಳು, ಇಡಿಯಾಗಿ ಉರಿದುಹೋಗುತ್ತದೆ. ಅಲ್ಲಿ ಹುಟ್ಟಿದ ನಿಕಲ್ ಕೋಬಾಲ್ಟಾಗಿ, ಕೋಬಾಲ್ಟ್ ಕಬ್ಬಿಣವಾಗುತ್ತ ತಿಂಗಳುಗಟ್ಟಲೆ ಬೆಳಗುತ್ತದೆ. ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ತಯಾರಾದ ಲೇಥ್‌ಗಳ ಕಬ್ಬಿಣ ಬಂದದ್ದು ಇಂಥ ಸಿಡಿತಗಳಿಂದ. ಆ ಹುಡುಗಿಯ ನೆತ್ತರಿನ ಕಬ್ಬಿಣವೂ ಅಷ್ಟೆ.

ಸಿಡಿದ ಮೊದಲ ಗಂಟೆಗಳಲ್ಲೇ ನೋಡಿದರೆ ಸಿಡಿದದ್ದು ಎಂಥ ನಕ್ಷತ್ರ ಎಂಬ ಗುರುತು ಸಿಗುತ್ತದೆ. 2011ರ ಆಗಸ್ಟ್ 24ರಂದು ಪಾಲೊಮಾರ್‌ನ ಮೊದಲ ಸಮೀಕ್ಷೆಗೆ ಎರಡು ಕೋಟಿ ಜ್ಯೋತಿರ್ವರ್ಷ ದೂರದ ಗ್ಯಾಲಕ್ಸಿಯೊಂದರಲ್ಲಿ ಹೊಸ ಚುಕ್ಕಿ ಕಂಡಾಗ ಸ್ಫೋಟದ ಬೆಳಕು ನಮ್ಮನ್ನು ಮುಟ್ಟಿ ಒಂದು ದಿನವೂ ಆಗಿರಲಿಲ್ಲ. ಸಿಡಿದದ್ದು ಬಿಳಿಕುಬ್ಜವೇ ಎಂದು ಅಷ್ಟು ಗಟ್ಟಿಯಾಗಿ ಹೇಳಲು ಆದದ್ದು ಆಗಲೇ. ಆದರೆ ಕ್ಯಾಲಿಫೋರ್ನಿಯಾದಲ್ಲಿ ಬೆಳಗಾದರೆ ನೋಡುವವರು ಯಾರು? ಆಗ ನಮ್ಮಲ್ಲಿ ರಾತ್ರಿ. ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿ, ಭಾರತೀಯ ಖಭೌತ ಸಂಸ್ಥೆಯ ಎರಡು ಮೀಟರಿನ ಚಂದ್ರ ದೂರದರ್ಶಕ ಇದೆ. ಅದನ್ನು ತಿರುಗಿಸುವವರು ಕೂರುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ, ಉಪಗ್ರಹದ ಮೂಲಕ. ಅದೇ ಸಂಸ್ಥೆಯ ಜಿ.ಸಿ. ಅನುಪಮಾ ಮತ್ತು ಸಂಗಡಿಗರು ವರ್ಷಗಳಿಂದ ಸೂಪರ್‌ನೋವಾಗಳ ಬೆಳಕನ್ನು ಬಿಡಿಸಿ ಓದುತ್ತ ಬಂದಿದ್ದಾರೆ.

ಇದನ್ನೆಲ್ಲ ಹರಿಹರದ ಮಕ್ಕಳಿಗೆ ಇನ್ನೊಮ್ಮೆ ಹೇಳಬೇಕು. ಹೋಗುವುದಾದರೆ ಜೂನ್‌ನಲ್ಲಲ್ಲ, ಜನವರಿಯಲ್ಲಿ. ಆರಿದ್ರಾ ಮಳೆಯ ದಿನಗಳಲ್ಲಿ ಆರಿದ್ರಾ ನಕ್ಷತ್ರ ಸೂರ್ಯನ ಬೆಳಕಿನಲ್ಲಿ ಮುಳುಗಿ ಕಾಣುವುದೇ ಇಲ್ಲ. ಜನವರಿಯಲ್ಲಾದರೆ ಸಂಜೆ ಏಳೂವರೆಗೆ ಹೊಳೆದಂಡೆಯಲ್ಲಿ ನಿಂತು ಮೂಡಲಿಗೆ ಮುಖಮಾಡಿದರೆ ಸಾಕು. ಮಹಾವ್ಯಾಧ ನಕ್ಷತ್ರಪುಂಜದ ಹೆಗಲ ಮೇಲೆ, ಒಲೆಯಲ್ಲಿ ಉಳಿದ ಕೆಂಡದ ಬಣ್ಣದಲ್ಲಿ, ಅದು ಇನ್ನೂ ಇರುತ್ತದೆ.